ಇಸ್ರಾಯೇಲ್ಯರಲ್ಲಿ ದಾಸ್ಯ

ದಾಸನೆಂಬ ಮಾತು ಕನ್ನಡಿಗರ ಕಿವಿಗೆ ಕಹಿಯಾದುದಲ್ಲ. ಪುರಂದರದಾಸರು, ಕನಕದಾಸರು ಎನ್ನುವಾಗ ಅದು ಬಿರುದೇ ಆಗಿ ನಿಲ್ಲುತ್ತದೆ. ಸಾಲಕ್ಕೆ ಸಿಕ್ಕಿ ಧಣಿಯ ಮನೆಯಲ್ಲಿ ಸವೆದುಹೋಗುವ ಬಾಳನ್ನು ಹೇಳಬೇಕಾದರೆ ನಾವು ಜೀತವೆಂಬ ಬೇರೆ ಮಾತನ್ನು ಬಳಸುತ್ತೇವೆ. ಪ್ರಾಚೀನ ಇಸ್ರಾಯೇಲ್ಯರ ಇಬ್ರಿಯ ಭಾಷೆಯಲ್ಲಾದರೋ ಇವೆರಡಕ್ಕೂ ‘ಎಬೆದ್’ ಎಂಬ ಒಂದೇ ಮಾತು. ದೇವರ ಸೇವಕನಾದ ಮೋಶೆಯೂ ಎಬೆದ್. ಅರಸನ ಅಧಿಕಾರಿಯೂ ಎಬೆದ್. ಬೆಲೆಕೊಟ್ಟು ಕೊಂಡುತಂದವನೂ ಎಬೆದ್. ಆದಕಾರಣ ಬೈಬಲಿನ ಹಳೆಯ ಒಡಂಬಡಿಕೆಯನ್ನು ಓದುವವರು, ಅಲ್ಲಿಯ ದಾಸರೆಲ್ಲರೂ ಮನೆಯ ನಂಬಿಗೆಯ ಆಳುಗಳೇ ಇದ್ದಿರಬೇಕೆಂದು ಸುಲಭವಾಗಿ ಭಾವಿಸಿಬಿಡುತ್ತಾರೆ. ಕ್ರೈಸ್ತರಾದ ನಾವಂತೂ ಹಾಗೆ ಭಾವಿಸಲು ಬಯಸುತ್ತೇವೆ. ಏಕೆಂದರೆ ನಾವು ಪವಿತ್ರವೆಂದು ಓದುವ ಗ್ರಂಥ ಅದು. ಈ ಬಯಕೆ ಎಷ್ಟರಮಟ್ಟಿಗೆ ನಿಜಕ್ಕೆ ಹೊಂದುತ್ತದೆಂಬುದನ್ನು ವಿಚಾರಮಾಡುವುದೇ ಇಂದಿನ ಭಾಷಣದ ಉದ್ದೇಶ.

ಮನುಷ್ಯನು ದಾಸನಾಗುತ್ತಿದ್ದ ಬಗೆಗಳು ಆ ಕಾಲದಲ್ಲಿ ಮೂರು: ಯುದ್ಧದಲ್ಲಿ ಸೆರೆಸಿಕ್ಕುವುದು, ದಾಸಿಯ ಹೊಟ್ಟೆಯಲ್ಲಿ ಹುಟ್ಟುವುದು, ಸಾಲಕ್ಕಾಗಿ ಮಾರಿಹೋಗುವುದು. ಇಸ್ರಾಯೇಲ್ಯರೊಳಗೆ ಮೂರನೆಯದೇ ಹೆಚ್ಚಾಗಿ ಕಾಣುತ್ತದೆ. ಅರಸುಗಳ ಚರಿತ್ರೆಯಲ್ಲಿ ಒಬ್ಬ ವಿಧವೆ ಪ್ರವಾದಿಯಾದ ಎಲೀಷನ ಮುಂದೆ ಬಂದು ಮೊರೆಯಿಡುತ್ತಾಳೆ: ಗಂಡ ತೀರಿಹೋಗಿದ್ದಾನೆ, ಸಾಲಕೊಟ್ಟವನು ಅವಳ ಇಬ್ಬರು ಮಕ್ಕಳನ್ನು ದಾಸರನ್ನಾಗಿ ಎಳೆದೊಯ್ಯಲು ಬಂದಿದ್ದಾನೆ. ಕ್ರಿಸ್ತಪೂರ್ವ 5ನೆಯ ಶತಮಾನದಲ್ಲಿ ನೆಹೆಮೀಯನು ಯೆರೂಸಲೇಮಿನ ಗೋಡೆ ಕಟ್ಟಿಸುತ್ತಿದ್ದಾಗಲೂ ಇದೇ ಗೋಳು: ಹೊಲ ಒತ್ತೆಗೆ ಹೋಯಿತು, ಆಮೇಲೆ ಹೆಣ್ಣುಮಕ್ಕಳು ಹೋದರು. ಜೀತದ ಕತೆ ಬಲ್ಲ ನಮ್ಮ ನಾಡಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಮೋಶೆಯ ಧರ್ಮಶಾಸ್ತ್ರವು ಈ ಸ್ಥಿತಿಯನ್ನು ತೊಡೆದುಹಾಕಲಿಲ್ಲ. ಅದಕ್ಕೆ ಕಡಿವಾಣ ಹಾಕಿತು. ಇಬ್ರಿಯನಾದ ದಾಸನು ಆರು ವರ್ಷ ದುಡಿದು ಏಳನೆಯ ವರ್ಷ ಬಿಡುಗಡೆ ಹೊಂದಬೇಕು. ಅವನನ್ನು ಬರಿಗೈಯಲ್ಲಿ ಕಳುಹಿಸಲಾಗದು. ಕುರಿಹಿಂಡಿನಿಂದಲೂ ಕಣದಿಂದಲೂ ದ್ರಾಕ್ಷಾರಸದ ತೊಟ್ಟಿಯಿಂದಲೂ ಅವನ ಪಾಲನ್ನು ಕೊಡಬೇಕು. ಒಡೆಯನು ಹೊಡೆದು ದಾಸನ ಹಲ್ಲೊಂದನ್ನು ಉದುರಿಸಿದರೂ, ಆ ಹಲ್ಲಿಗೆ ಬದಲಾಗಿ ಅವನಿಗೆ ಬಿಡುಗಡೆ. ಮನುಷ್ಯನನ್ನು ಕದ್ದು ಮಾರಿದವನಿಗೆ ಮರಣದಂಡನೆ. ವಾರಕ್ಕೊಂದು ದಿನದ ಸಬ್ಬತ್ ವಿಶ್ರಾಂತಿ ಒಡೆಯನಿಗೆ ಹೇಗೋ ದಾಸನಿಗೂ ಹಾಗೆಯೇ. ಒಡೆಯನಿಂದ ತಪ್ಪಿಸಿಕೊಂಡು ಆಶ್ರಯ ಬೇಡಿ ಬಂದ ದಾಸನನ್ನು ಹಿಂದಕ್ಕೆ ಒಪ್ಪಿಸಕೂಡದು.

ಈ ಕೊನೆಯ ವಿಧಿಯ ಬೆಲೆ ತಿಳಿಯಬೇಕಾದರೆ ಬಾಬಿಲೋನಿನ ಅರಸ ಹಮ್ಮುರಾಬಿಯ ಶಾಸನವನ್ನು ನೋಡಬೇಕು. ಕ್ರಿಸ್ತಪೂರ್ವ 18ನೆಯ ಶತಮಾನದ ಈ ಶಿಲಾಸ್ತಂಭ 1901–02ರಲ್ಲಿ ಪಾರಸಿಕ ದೇಶದ ಸೂಸಾದಲ್ಲಿ ದೊರೆಯಿತು. ಓಡಿಬಂದ ದಾಸನನ್ನು ಮನೆಯಲ್ಲಿ ಬಚ್ಚಿಟ್ಟವನಿಗೆ ಅದು ವಿಧಿಸುವುದು ಮರಣ. ಮೋಶೆಯ ವಿಧಿ ಹೊರನಾಡಿನಿಂದ ಓಡಿಬಂದವರನ್ನು ಮಾತ್ರ ಕುರಿತದ್ದೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ಹಾಗಿದ್ದರೂ ಎರಡು ಶಾಸನಗಳ ಮನೋಧರ್ಮ ಬೇರೆಬೇರೆಯೆಂಬುದು ಸ್ಪಷ್ಟ. ಆದರೆ ತಕ್ಕಡಿಯನ್ನು ಒಂದೇ ಕಡೆಗೆ ವಾಲಿಸಬಾರದು. ಸಾಲಕ್ಕಾಗಿ ಮಾರಿದ ಹೆಂಡತಿಮಕ್ಕಳನ್ನು ಹಮ್ಮುರಾಬಿಯು ಮೂರು ವರ್ಷಕ್ಕೇ ಬಿಡಿಸುತ್ತಾನೆ. ಮೋಶೆಯಲ್ಲಿ ಆರು ವರ್ಷ ದುಡಿಯಬೇಕು.

ಇನ್ನು ಕಠಿನವಾದ ಭಾಗಕ್ಕೆ ಬರೋಣ. ಒಡೆಯನ ಏಟಿನಿಂದ ದಾಸನು ಆ ಕ್ಷಣವೇ ಸತ್ತರೆ ಒಡೆಯನಿಗೆ ದಂಡನೆಯುಂಟು; ಒಂದೆರಡು ದಿನ ಬದುಕಿ ಸತ್ತರೆ ಇಲ್ಲ, ಏಕೆಂದರೆ ದಾಸನು ಅವನ ಸೊತ್ತು. ಒಡೆಯನು ದಾಸನಿಗೆ ಹೆಂಡತಿಯನ್ನು ಕೊಟ್ಟಿದ್ದರೆ, ಏಳನೆಯ ವರ್ಷ ಹೊರಡುವವನು ಒಬ್ಬನೇ ಹೊರಡಬೇಕು. ಹೆಂಡತಿಯೂ ಮಕ್ಕಳೂ ಒಡೆಯನವರು. ಅವರನ್ನು ಬಿಟ್ಟಿರಲಾರೆನೆಂದರೆ ಬಾಗಿಲ ಬಳಿ ನಿಲ್ಲಿಸಿ ದಬ್ಬಳದಿಂದ ಕಿವಿ ಚುಚ್ಚುವರು. ಅಂದಿನಿಂದ ಅವನು ಆಜೀವ ದಾಸ. ಇವೆಲ್ಲಕ್ಕೂ ಮಿಗಿಲಾದುದು ಯಾಜಕಕಾಂಡದ 25ನೆಯ ಅಧ್ಯಾಯದಲ್ಲಿದೆ. ಬಡವನಾಗಿ ಮಾರಿಕೊಂಡ ಇಸ್ರಾಯೇಲ್ಯನನ್ನು ದಾಸನಂತೆ ನಡೆಸಬಾರದು; ಐವತ್ತನೆಯದಾದ ಜೂಬಿಲಿ ವರ್ಷದಲ್ಲಿ ಅವನು ತನ್ನ ಪಿತ್ರಾರ್ಜಿತ ಭೂಮಿಗೆ ಹಿಂದಿರುಗಬೇಕು. ಆದರೆ ಅನ್ಯಜನಾಂಗದವರನ್ನು ಕೊಂಡುಕೊಳ್ಳಬಹುದು, ಶಾಶ್ವತವಾಗಿ ಇಟ್ಟುಕೊಳ್ಳಬಹುದು, ಮಕ್ಕಳಿಗೆ ಆಸ್ತಿಯಾಗಿ ಬಿಟ್ಟುಹೋಗಬಹುದು. ಇದನ್ನು ಆಳುತನವೆಂದು ಕರೆಯಲು ಯಾವ ವ್ಯಾಖ್ಯಾನಕಾರನಿಂದಲೂ ಆಗದು.

ಸೋದರರಿಗೆ ವಿಧಿಸಿದ ದಯೆಯಾದರೂ ನಡೆಯಿತೆ? ಜೂಬಿಲಿಯನ್ನು ಆಚರಿಸಿದ ವೃತ್ತಾಂತ ಬೈಬಲಿನ ಚರಿತ್ರಗ್ರಂಥಗಳಲ್ಲಿ ಎಲ್ಲಿಯೂ ಬರುವುದಿಲ್ಲ. ಏಳನೆಯ ವರ್ಷದ ಬಿಡುಗಡೆಯ ಗತಿಯನ್ನು ಪ್ರವಾದಿ ಯೆರೆಮೀಯನು ಹೇಳುತ್ತಾನೆ. ಕ್ರಿಸ್ತಪೂರ್ವ 588ರ ಸುಮಾರಿನಲ್ಲಿ ನೆಬೂಕದ್ನೆಚ್ಚರನ ಸೈನ್ಯ ಯೆರೂಸಲೇಮನ್ನು ಮುತ್ತಿದ್ದಾಗ ಅರಸ ಚಿದ್ಕೀಯನೂ ಪ್ರಮುಖರೂ ಪ್ರತಿಜ್ಞೆಮಾಡಿ ಇಬ್ರಿಯ ದಾಸದಾಸಿಯರನ್ನು ಬಿಟ್ಟುಬಿಟ್ಟರು. ಶತ್ರು ಸ್ವಲ್ಪಕಾಲ ಹಿಂದೆಗೆದನು. ಕೂಡಲೇ ಅವರನ್ನೆಲ್ಲ ಮತ್ತೆ ಹಿಡಿದುತಂದರು. ಭಯದಲ್ಲಿ ಕೊಟ್ಟ ಬಿಡುಗಡೆ ಭಯ ತೀರಿದೊಡನೆ ತೀರಿತು. 1962ರಲ್ಲಿ ಯೆರಿಕೋವಿಗೆ ಉತ್ತರದ ಒಂದು ಗವಿಯಲ್ಲಿ ಸಮಾರ್ಯದ ಶ್ರೀಮಂತರು ಬಿಟ್ಟುಹೋದ ಪತ್ರಗಳು ಸಿಕ್ಕಿದವು. ಅವು ಕ್ರಿಸ್ತಪೂರ್ವ 4ನೆಯ ಶತಮಾನದವು; ಹಲವು ದಾಸರ ಕ್ರಯಪತ್ರಗಳು. ಮಾರಿಹೋದವರಲ್ಲಿ ಅನೇಕರ ಹೆಸರುಗಳಲ್ಲಿ ಇಸ್ರಾಯೇಲಿನ ದೇವರ ನಾಮವೇ ಸೇರಿಕೊಂಡಿದೆ. ಮಾರಾಟವಾದರೋ ಆರು ವರ್ಷಕ್ಕಲ್ಲ, ಶಾಶ್ವತವಾಗಿ.

ಹಾಗಾದರೆ ಕ್ರೈಸ್ತರು ಈ ಗ್ರಂಥವನ್ನು ಹೇಗೆ ಓದಬೇಕು? ಎರಡನೆಯ ಶತಮಾನದಲ್ಲಿ ಮಾರ್ಸಿಯನ್ ಎಂಬವನು ಹಳೆಯ ಒಡಂಬಡಿಕೆಯನ್ನೇ ಬಿಟ್ಟುಬಿಡುವ ಸುಲಭದ ದಾರಿಯನ್ನು ಹಿಡಿದನು. ಸಭೆಯು ಅದನ್ನು ಒಪ್ಪಲಿಲ್ಲ. ಕಠಿನವಾದ ವಾಕ್ಯಗಳನ್ನು ಮೃದುಮಾಡಿ ಹೇಳುವುದು ಇನ್ನೊಂದು ಸುಲಭದ ದಾರಿ, ಅದು ಸತ್ಯವಲ್ಲ. ಯೇಸುವೇ ಒಂದು ಮಾರ್ಗವನ್ನು ತೋರಿಸಿದ್ದಾನೆ. ಹೆಂಡತಿಯನ್ನು ಬಿಡಲು ಮೋಶೆ ಅಪ್ಪಣೆಕೊಟ್ಟನಲ್ಲವೆ ಎಂದು ಕೇಳಿದವರಿಗೆ, ಆ ಅಪ್ಪಣೆ ಬಂದದ್ದು ನಿಮ್ಮ ಹೃದಯದ ಕಾಠಿಣ್ಯವನ್ನು ಕಂಡು, ಆದಿಯಲ್ಲಿ ಹಾಗಿರಲಿಲ್ಲ ಎಂಬ ಅರ್ಥದಲ್ಲಿ ಉತ್ತರಕೊಟ್ಟನು. ಧರ್ಮಶಾಸ್ತ್ರದಲ್ಲಿರುವುದೆಲ್ಲವೂ ದೇವರ ಪೂರ್ಣ ಸಂಕಲ್ಪವಲ್ಲ. ಕೆಲವು ಮನುಷ್ಯನ ಕಾಠಿಣ್ಯಕ್ಕೆ ಹಾಕಿದ ಮೂಗುದಾರ. ದಾಸ್ಯದ ವಿಧಿಗಳನ್ನೂ ಹೀಗೆಯೇ ಓದಬೇಕೆಂದು ನಾವು ತಿಳಿಯುತ್ತೇವೆ.

ಆದಿಯ ಸಂಕಲ್ಪದ ಗುರುತು ಆ ಶಾಸ್ತ್ರದೊಳಗೇ ಇದೆ. ದಾಸನಿಗೆ ಕರುಣೆ ತೋರಿಸೆಂದು ಹೇಳುವಾಗ ಅದು ಕೊಡುವ ಕಾರಣ, ನೀನೂ ಐಗುಪ್ತದಲ್ಲಿ ದಾಸನಾಗಿದ್ದೆ ಎಂಬ ನೆನಪು. ತನ್ನನ್ನು ಗರ್ಭದಲ್ಲಿ ರೂಪಿಸಿದಾತನೇ ತನ್ನ ದಾಸನನ್ನೂ ರೂಪಿಸಿದನೆಂದು ಯೋಬನು ಒಪ್ಪಿಕೊಳ್ಳುತ್ತಾನೆ. ಆ ನೆನಪು ಅನ್ಯನ ಹೊಸ್ತಿಲಲ್ಲಿ ನಿಂತುಹೋಯಿತು. ಇಸ್ರಾಯೇಲಿನ ನಿಜವಾದ ಕೊರತೆ ಅದು. ಯೇಸುವು ನಜರೇತಿನ ಸಭಾಮಂದಿರದಲ್ಲಿ ಸೆರೆಯವರ ಬಿಡುಗಡೆಯನ್ನು ಸಾರಿ, ಪರದೇಶದವರಿಗೆ ದೊರೆತ ದೈವಕೃಪೆಯನ್ನು ಎತ್ತಿ ಹೇಳಿದಾಗ, ಊರವರು ಅವನನ್ನು ಬೆಟ್ಟದಿಂದ ತಳ್ಳಲು ಎದ್ದರು. ದಾಸನೆಂದೂ ಸ್ವತಂತ್ರನೆಂದೂ ಕ್ರಿಸ್ತನಲ್ಲಿ ಭೇದವಿಲ್ಲವೆಂದು ಪೌಲನು ಬರೆದನು.

ಆದರೂ ಸಭೆಯು ಆ ಹೊಸ್ತಿಲನ್ನು ದಾಟಲು ಎಷ್ಟು ಕಾಲ ಹಿಡಿಯಿತು! ದಾಸರು ಒಡೆಯರಿಗೆ ವಿಧೇಯರಾಗಿರಬೇಕೆಂಬ ಬೋಧೆ ಹೊಸ ಒಡಂಬಡಿಕೆಯ ಪತ್ರಗಳಲ್ಲಿಯೂ ಉಂಟು. 4ನೆಯ ಶತಮಾನದಲ್ಲಿ ನಿಸ್ಸಾದ ಬಿಷಪ್ ಗ್ರೆಗೊರಿಯು, ದೇವರ ಸ್ವರೂಪದಲ್ಲಿ ಸೃಷ್ಟಿಯಾದವನಿಗೆ ಬೆಲೆಕಟ್ಟುವವನಾರೆಂದು ಒಡೆಯರನ್ನು ಖಂಡಿಸಿದನು. ಅವನ ಮಾತಿಗೆ ಕಿವಿಗೊಟ್ಟವರು ವಿರಳ. 19ನೆಯ ಶತಮಾನದಲ್ಲಿ ಅಮೆರಿಕದ ದಕ್ಷಿಣ ಸಂಸ್ಥಾನಗಳ ಬೋಧಕರು ಯಾಜಕಕಾಂಡದ ಅದೇ ಅಧ್ಯಾಯವನ್ನು ತೆರೆದು ನೀಗ್ರೋಗಳ ದಾಸ್ಯವನ್ನು ಸಮರ್ಥಿಸಿದರು. 1807ರಲ್ಲಿ ಲಂಡನ್ನಿನಲ್ಲಿ ವೆಸ್ಟ್ ಇಂಡೀಸಿನ ದಾಸರಿಗೆಂದೇ ಬೈಬಲಿನ ಆಯ್ದ ಭಾಗಗಳ ಒಂದು ಪುಸ್ತಕ ಅಚ್ಚಾಯಿತು. ಯೋಸೇಫನು ಐಗುಪ್ತದಲ್ಲಿ ನಿಷ್ಠೆಯಿಂದ ದುಡಿದ ಕತೆ ಅದರಲ್ಲಿದೆ. ಇಸ್ರಾಯೇಲ್ಯರು ಐಗುಪ್ತದಿಂದ ಹೊರಟುಬಂದ ಕತೆಯಿಲ್ಲ. ಬೈಬಲಿನಲ್ಲಿ ದಾಸ್ಯಕ್ಕೆ ಅಪಾಯಕಾರಿಯಾದ ಭಾಗ ಯಾವುದೆಂಬುದು ಆ ಕತ್ತರಿ ಹಿಡಿದವರಿಗೆ ಚೆನ್ನಾಗಿ ಗೊತ್ತಿದ್ದಿತು.

ಅವರು ಬಿಡುಗಡೆಯ ಕತೆಯನ್ನು ಕತ್ತರಿಸಿದರು. ಕಠಿನ ವಾಕ್ಯಗಳನ್ನು ಮರೆಮಾಚುವ ನಾವೂ ಕತ್ತರಿಯನ್ನೇ ಹಿಡಿದವರಾಗುತ್ತೇವೆ. ಎರಡನ್ನೂ ಓದಬೇಕು. ಕಡಿವಾಣದ ವಿಧಿಯನ್ನು ಓದುವಾಗ ಮನುಷ್ಯನ ಹೃದಯ ಎಷ್ಟು ಗಟ್ಟಿಯೆಂಬುದು ತಿಳಿಯುತ್ತದೆ. ಐಗುಪ್ತದ ನೆನಪನ್ನು ಓದುವಾಗ ದಾರಿ ಯಾವ ಕಡೆಗೆಂಬುದು ತಿಳಿಯುತ್ತದೆ. ನಮ್ಮ ದೇಶದಲ್ಲಿ ಜೀತವನ್ನು ರದ್ದುಪಡಿಸುವ ಕಾನೂನು 1976ರಲ್ಲಿ ಬಂದಿತು. ಕಾನೂನು ಮಾಡಬಲ್ಲದ್ದು ಬಹಳವುಂಟು. ಆದರೆ ನಮ್ಮ ಮನೆಯಲ್ಲಿ ದುಡಿಯುವವರು ನಮಗೆ ಸೋದರರೋ ಅನ್ಯರೋ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನಾವೇ.