ಐಡಿಟರಾಡ್: ಹಿಮದ ದಾರಿ, ಹುಲ್ಲಿನ ಹಾಸಿಗೆ

(ಮಹಿಳಾ ವೇದಿಕೆಯ ಮಾರ್ಚ್ ತಿಂಗಳ ಕಾರ್ಯಕ್ರಮದಲ್ಲಿ ಮಾಡಿದ ಭಾಷಣ)



ಮಹಿಳಾ ದಿನಕ್ಕೆ ಏನಾದರೂ ಮಾತಾಡು ಅಂದಾಗ ನಾನು ಆರಿಸಿಕೊಂಡದ್ದು ನಾಯಿಗಳ ಓಟ. ನಗಬೇಡಿ, ಸಂಬಂಧ ಇದೆ. ಅಲಾಸ್ಕಾದ ಐಡಿಟರಾಡ್ ಸ್ಪರ್ಧೆ ಶುರುವಾಗುವುದು ಮಾರ್ಚ್ ತಿಂಗಳ ಮೊದಲ ಶನಿವಾರ. ಮಾರ್ಚ್ 8ರಂದು ನಾವು ಇಲ್ಲಿ ಹೂಗುಚ್ಛ ಕೊಟ್ಟುಕೊಳ್ಳುವಾಗ ಅಲ್ಲಿ ಹೆಂಗಸರೂ ಗಂಡಸರೂ ಒಂದೇ ಪಟ್ಟಿಯಲ್ಲಿ ಸ್ಪರ್ಧಿಸುತ್ತಾ ಹಿಮದ ಮೇಲೆ ಇರುತ್ತಾರೆ. ಮಹಿಳೆಯರಿಗೆ ಬೇರೆ ವಿಭಾಗ, ಬೇರೆ ರಿಯಾಯಿತಿ ಏನೂ ಇಲ್ಲ.

ಆಂಕರೇಜ್ ಕಡೆಯಿಂದ ಬೇರಿಂಗ್ ಸಮುದ್ರದ ದಡದ ನೋಮ್ ಊರಿನವರೆಗೆ ಸುಮಾರು 1,600 ಕಿ.ಮೀ. ಪುಣೆಯಿಂದ ದೆಹಲಿಗಿಂತಲೂ ದೂರ ಅಂದುಕೊಳ್ಳಿ. 1973ರಿಂದ ನಡೆಯುತ್ತಿದೆ. ಒಂದು ಜಾರುಬಂಡಿ, ಮುಂದೆ ನಾಯಿಗಳ ತಂಡ, ಹಿಂದೆ ನಿಂತು ನಡೆಸುವ ಒಬ್ಬರು. ಅವರಿಗೆ ಮಷರ್ ಎನ್ನುತ್ತಾರೆ. ಈಗ ಗೆಲ್ಲುವವರು ಒಂಬತ್ತು-ಹತ್ತು ದಿನದಲ್ಲಿ ಮುಗಿಸುತ್ತಾರೆ. ಬಂಡಿಗಳಲ್ಲಿ ಜಿಪಿಎಸ್ ಇರುವುದರಿಂದ ನನ್ನಂಥವರು ಇಲ್ಲಿ ಕೂತು ಮ್ಯಾಪಿನ ಮೇಲೆ ಚುಕ್ಕಿ ನೋಡುತ್ತಾ ನಿದ್ದೆ ಕೆಡಿಸಿಕೊಳ್ಳುವುದು.

ದಾರಿ ಎಲ್ಲ ಬಿಳಿ, ಎಲ್ಲ ಒಂದೇ ಥರ ಅನ್ನಿಸಬಹುದು. ಹಾಗಿಲ್ಲ. ರೇನಿ ಪಾಸ್ ಎಂಬ ಕಣಿವೆ ದಾರಿ ದಾಟಿದ ಮೇಲೆ ಡಾಲ್ಜೆಲ್ ಕಮರಿಯ ಇಳಿಜಾರು ಬರುತ್ತದೆ. ತಿರುವು, ಬಂಡೆ, ಹೆಪ್ಪುಗಟ್ಟಿದ ತೊರೆ. ಆಮೇಲೆ ಹಿಂದೆ ಕಾಡ್ಗಿಚ್ಚಿನಲ್ಲಿ ಸುಟ್ಟ ಬಯಲು. 2014ರಲ್ಲಿ ಇಲ್ಲೆಲ್ಲ ಹಿಮವೇ ಇರಲಿಲ್ಲ. ಬರಿ ಮಣ್ಣು, ಕಲ್ಲು, ಮರದ ಬುಡಗಳ ಮೇಲೆ ಬಂಡಿಗಳು ಬಡಿದು ಮುರಿದವು, ಹಲವರು ಗಾಯಗೊಂಡರು. ಹಿಮ ಸಾಲದೆ 2003, 2015, 2017, 2025ರಲ್ಲಿ ಸ್ಪರ್ಧೆಯ ಆರಂಭವನ್ನೇ ಉತ್ತರದ ಫೇರ್‌ಬ್ಯಾಂಕ್ಸ್‌ಗೆ ಸಾಗಿಸಬೇಕಾಯಿತು.

ನದಿಗಳ ಮೇಲೆ ಇನ್ನೊಂದು ಮೋಸ: ಓವರ್‌ಫ್ಲೋ. ಮಂಜುಗಡ್ಡೆಯ ಕೆಳಗಿನ ನೀರು ಒತ್ತಡಕ್ಕೆ ಬಿರುಕಿನಿಂದ ಮೇಲೆ ಬಂದು ಹಿಮದಡಿ ನಿಂತಿರುತ್ತದೆ. ನೋಡಲು ಗಟ್ಟಿ ನೆಲ, ಕಾಲಿಟ್ಟರೆ ನೀರು. ಆ ಚಳಿಯಲ್ಲಿ ಬಟ್ಟೆ ಒದ್ದೆಯಾದರೆ ಜೀವಕ್ಕೇ ಅಪಾಯ. ಚಳಿ ಕಡಿಮೆಯಾದರೂ ಕಷ್ಟವೇ. ಸೊನ್ನೆಗಿಂತ 20 ಡಿಗ್ರಿ ಕೆಳಗೆ ಈ ನಾಯಿಗಳಿಗೆ ಹಿತ, ಸೊನ್ನೆಯ ಹತ್ತಿರ ಬಂದರೆ ಸೆಕೆ! ಅದಕ್ಕೇ ಅನೇಕರು ರಾತ್ರಿ ಓಡಿಸಿ ಹಗಲು ಮಲಗಿಸುತ್ತಾರೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ನಿಲ್ಲುವ ನಿಯಮ. ಒಂದು ಕಡೆ 24 ಗಂಟೆ, ಯೂಕಾನ್ ನದಿಯ ಮೇಲಿನ ಒಂದು ಠಾಣೆಯಲ್ಲಿ 8 ಗಂಟೆ, ನೋಮ್‌ಗೆ ಸುಮಾರು 124 ಕಿ.ಮೀ. ಇರುವಾಗ ವೈಟ್ ಮೌಂಟನ್‌ನಲ್ಲಿ ಮತ್ತೆ 8 ಗಂಟೆ ನಿಲ್ಲಲೇಬೇಕು. ಎಷ್ಟೇ ಮುಂದಿದ್ದರೂ ವಿನಾಯಿತಿ ಇಲ್ಲ. ನಮ್ಮ ಆಫೀಸಿನ ರಿಲೀಸ್ ವಾರಕ್ಕೂ ಇಂಥದ್ದೊಂದು ನಿಯಮ ಇದ್ದಿದ್ದರೆ!

ಆದರೆ ಈ ವಿಶ್ರಾಂತಿ ಯಾರದ್ದು? ಠಾಣೆ ತಲುಪಿದೊಡನೆ ಮಷರ್ ನಾಯಿಗಳ ಪುಟ್ಟ ಕಾಲುಚೀಲ ಬಿಚ್ಚಬೇಕು, ಒಣಹುಲ್ಲು ಹಾಸಬೇಕು, ಹಿಮ ಕರಗಿಸಿ ನೀರು ಕಾಯಿಸಬೇಕು, ಮಾಂಸ ನೆನೆಸಿ ಬಡಿಸಬೇಕು, ಒಂದೊಂದೇ ಪಾದ ನೋಡಿ ಮುಲಾಮು ಹಚ್ಚಬೇಕು. ಪಶುವೈದ್ಯರು ಬಂದು ಪರೀಕ್ಷಿಸುತ್ತಾರೆ. ಸುಸ್ತಾದ ನಾಯಿಯನ್ನು ಅಲ್ಲೇ ಬಿಟ್ಟರೆ ಸಣ್ಣ ವಿಮಾನದಲ್ಲಿ ವಾಪಸ್ ಕಳಿಸುತ್ತಾರೆ. ಇಷ್ಟೆಲ್ಲ ಮುಗಿಸಿ, ತಾವೂ ತಿಂದು, ಆರು ಗಂಟೆಯ ನಿಲುಗಡೆಯಲ್ಲಿ ಮನುಷ್ಯರಿಗೆ ಸಿಗುವ ನಿದ್ದೆ ಒಂದೆರಡು ಗಂಟೆ. ಮನೆಮಂದಿಗೆಲ್ಲ ಬಡಿಸಿ ಕೊನೆಗೆ ಊಟಕ್ಕೆ ಕೂತವರಿಗೆ ಇದನ್ನು ನಾನು ವಿವರಿಸಬೇಕಿಲ್ಲ.

ಇಷ್ಟು ಜಾಗ್ರತೆ ಇದ್ದೂ ನಾಯಿಗಳು ಸತ್ತದ್ದುಂಟು, 2024ರಲ್ಲಿ ಮೂರು. ಪ್ರಾಣಿದಯಾ ಸಂಘಟನೆಗಳು ಸ್ಪರ್ಧೆಯೇ ಬೇಡ ಎನ್ನುತ್ತವೆ. ಆ ಮಾತನ್ನು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ಚುಕ್ಕಿ ನೋಡುವುದನ್ನು ಬಿಡಲೂ ಆಗಿಲ್ಲ.

ಇನ್ನು ಇಬ್ಬರು ಹೆಂಗಸರ ಕಥೆ. 1985ರಲ್ಲಿ ಲಿಬ್ಬಿ ರಿಡಲ್ಸ್ ಶಾಕ್ಟೂಲಿಕ್ ಎಂಬ ಹಳ್ಳಿ ತಲುಪಿದಾಗ ಹಿಮಗಾಳಿ ಬೀಸುತ್ತಿತ್ತು. ಮುಂದೆ ಇರುವುದು ಹೆಪ್ಪುಗಟ್ಟಿದ ಸಮುದ್ರ, ಮರೆಗೆ ಒಂದು ಮರವಿಲ್ಲ. ಪೈಪೋಟಿಗಿದ್ದವರು ನಿಂತರು, ಆಕೆ ಹೊರಟರು. ಆ ರಾತ್ರಿ ಮಂಜಿನ ಮೇಲೆ ಬಂಡಿಯೊಳಗೇ ಮುದುಡಿ ಕಳೆದರು. 18 ದಿನಗಳ ಓಟ ಮುಗಿದಾಗ ಐಡಿಟರಾಡ್ ಗೆದ್ದ ಮೊದಲ ಮಹಿಳೆ ಅವರಾಗಿದ್ದರು.

ಮತ್ತೆ 2014. ಅದಕ್ಕೆ ಮುಂಚಿನ ಎರಡು ವರ್ಷವೂ ಎರಡನೆಯವರಾಗಿದ್ದ ಆಲಿ ಜಿರ್ಕಲ್ ಈ ಸಲವೂ ಮುಂಚೂಣಿಯಲ್ಲಿದ್ದರು. ಅವರ ಮುಂದಿದ್ದ ಜೆಫ್ ಕಿಂಗ್ ಅವರನ್ನು ಬಿರುಗಾಳಿ ದಾರಿಯಿಂದಲೇ ಎತ್ತಿ ಹಾಕಿತು. ಅವರು ಸ್ಪರ್ಧೆಯಿಂದ ಹೊರಬಿದ್ದರು. ನೋಮ್‌ಗೆ 35 ಕಿ.ಮೀ. ಉಳಿದಿರುವಾಗ ಸೇಫ್ಟಿ ಎಂಬ ಕೊನೆಯ ಠಾಣೆಯಲ್ಲಿ ಜಿರ್ಕಲ್ ಗಾಳಿಗೆ ಹೆದರಿ ನಿಂತರು. ಅಲ್ಲಿ ನಿಲ್ಲಬೇಕೆಂಬ ನಿಯಮವೇನೂ ಇರಲಿಲ್ಲ. ಎರಡೂವರೆ ಗಂಟೆಯ ಮೇಲಾಯಿತು. ಅಷ್ಟರಲ್ಲಿ ಡಲ್ಲಾಸ್ ಸೀವಿ ಹಾದುಹೋದರು. ಹಿಂದೆ ಬರುತ್ತಿದ್ದ ದೀಪ ತನ್ನ ತಂದೆಯದು, ತಾವಿಬ್ಬರೂ ಮೂರನೆಯ ಸ್ಥಾನಕ್ಕೆ ಹೋರಾಡುತ್ತಿದ್ದೇವೆ ಅಂದುಕೊಂಡೇ ಆತ ನೋಮ್ ಸೇರಿದರು. ಗೆದ್ದಿದ್ದೀಯ ಅಂತ ಬೇರೆಯವರು ಹೇಳಬೇಕಾಯಿತು. ಆ ದೀಪ ಜಿರ್ಕಲ್ ಅವರದ್ದು. ಸೋತದ್ದು 2 ನಿಮಿಷ 22 ಸೆಕೆಂಡಿನಿಂದ.

ರಿಡಲ್ಸ್ ಧೈರ್ಯ ಮಾಡಿದರು, ಜಿರ್ಕಲ್ ಮಾಡಲಿಲ್ಲ ಎಂದು ಬರೆಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅದೇ ಗಾಳಿ ಅನುಭವಿಯೊಬ್ಬರನ್ನು ದಾರಿಯಿಂದ ಎಸೆದಿತ್ತು, ಜಿರ್ಕಲ್ ಕೈಯಲ್ಲಿ ಒಂದು ತಂಡದ ನಾಯಿಗಳ ಜೀವ ಇತ್ತು. ಅವರು ನಿಂತದ್ದು ಸರಿ ಅಂತಲೇ ನನ್ನ ಲೆಕ್ಕ. ಆದರೂ ಆ 2 ನಿಮಿಷ 22 ಸೆಕೆಂಡು ನೆನೆದರೆ ಹೊಟ್ಟೆ ಉರಿಯುತ್ತದೆ.

ಪ್ರಶ್ನೆಗಳಿದ್ದರೆ ಊಟದ ಸಾಲಿನಲ್ಲಿ ಕೇಳಿ, ಮ್ಯಾಪ್ ತೋರಿಸುತ್ತೇನೆ.