ನಾರು ಎಂಬ ಒಂದು ಮಾತು

ಈಚೆಗೆ ಮಳೆ ಸುರಿದ ಮರುದಿನ ಶಂಕರಪುರದ ನಮ್ಮ ಮನೆಯ ಮುಂದೆ ಎರೆಹುಳುಗಳು ಹರಿದಾಡುತ್ತಿದ್ದವು. ಮೊಮ್ಮಗಳು ಹೆಜ್ಜೆ ಹಿಂದಿಟ್ಟು, "ತಾತ, ಇದಕ್ಕೆ ತಲೆ ಯಾವ ಕಡೆ?" ಎಂದು ಕೇಳಿದಳು. ಆಯುಷ್ಯವೆಲ್ಲ ಕನ್ನಡ ಪಾಠ ಹೇಳಿದ ನನಗೆ ತಲೆಗಿಂತ ಮೊದಲು ಹೊಳೆದದ್ದು ಹೆಸರು. ಎರೆ ಎಂದರೆ ಕಪ್ಪು ಮಣ್ಣೂ ಹೌದು, ಮೀನಿನ ಗಾಳಕ್ಕೆ ಸಿಕ್ಕಿಸುವ ಆಮಿಷವೂ ಹೌದು.

ಹುಳುವೆಂದರೆ ನಾವು ಮುಖ ಸಿಂಡರಿಸುತ್ತೇವೆ. ಆದರೆ ಹೆಸರಿಟ್ಟ ಜನ ಅದನ್ನು ದಿಟ್ಟಿಸಿ ನೋಡಿದ್ದಾರೆ. ಕರುಳಿನಲ್ಲಿ ಮಾರುದ್ದ ಬೆಳೆಯುವ ಚಪ್ಪಟೆಯಾದದ್ದು ಲಂಗದ ಲಾಡಿಯಂತೆ ಕಂಡು ಲಾಡಿಹುಳುವಾಯಿತು. ಕರುಳಿನ ಗೋಡೆಗೆ ಕಚ್ಚಿಕೊಂಡು ರಕ್ತ ಹೀರುವುದು ಕೊಕ್ಕೆಹುಳುವಾಯಿತು. ಪಶ್ಚಿಮದ ವೈದ್ಯರು ಇದೇ ದಾರಿಯಲ್ಲಿ ಎದುರುಮುಖವಾಗಿ ನಡೆದರು; ಶರೀರದ ಭಾಗಗಳಿಗೇ ಹುಳುವಿನ ಹೆಸರಿಟ್ಟರು. ಅಪೆಂಡಿಕ್ಸ್ ಎಂಬ ಕರುಳಿನ ಬಾಲಕ್ಕೆ ಅವರು ಕೊಟ್ಟ ವಿಶೇಷಣ 'ಹುಳುವಿನಾಕಾರದ್ದು' ಎಂದು. ಕಿರುಮೆದುಳಿನ ನಡುಭಾಗಕ್ಕೆ ಲ್ಯಾಟಿನ್ನಿನಲ್ಲಿ ಹುಳು ಎಂದೇ ಹೆಸರು. ಅಂಗೈಯೊಳಗಿನ ನಾಲ್ಕು ಸಪೂರ ಸ್ನಾಯುಗಳಿಗೆ ಎರೆಹುಳುವಿನ ಹೆಸರಿದೆ. ನಾವು ಲೇಖನಿ ಹಿಡಿದಾಗ ಬೆರಳುಗಳನ್ನು ಹದವಾಗಿ ಬಾಗಿಸಿ ನೀಡುವ ಕೆಲಸದಲ್ಲಿ ಅವುಗಳಿಗೂ ಪಾಲುಂಟು.

ಆದರೆ ನಾನು ಇಂದು ಹೇಳಹೊರಟದ್ದು ಬೇರೊಂದು ಹೆಸರನ್ನು ಕುರಿತು. ಎಂ.ಎ. ಮುಗಿಸಿ 1983ರಲ್ಲಿ ರಾಯಚೂರು ಸೀಮೆಯ ಒಂದು ಕಾಲೇಜಿಗೆ ಹೋದೆ. ಪರೀಕ್ಷೆಯ ಹೊತ್ತಿಗೆ ಒಬ್ಬ ವಿದ್ಯಾರ್ಥಿಯ ತಂದೆ ಬಂದು, "ಸರ, ನಮ್ಮ ಹುಡುಗಗ ನಾರು ಎದ್ದೈತ್ರಿ, ಪರೀಕ್ಷಾಕ್ಕ ಬರಂಗಿಲ್ರಿ" ಎಂದರು. ನಾರು ಎಂದರೆ ನನಗೆ ಗೊತ್ತಿದ್ದುದು ಗಾಂಧಿಬಜಾರಿನಲ್ಲಿ ಹೂ ಕಟ್ಟುವ ಬಾಳೆನಾರು. ಹೂವಿನೊಡನೆ ಸ್ವರ್ಗಕ್ಕೆ ಹೋಗುವ ನಾರು ಹುಡುಗನ ಕಾಲಲ್ಲಿ ಏಳುವುದೆಂದರೇನು? ಸಂಜೆ ಅವರ ಊರಿಗೆ ಹೋಗಿ ನೋಡಿದೆ. ಹುಡುಗ ಹೊರಸಿನ ಮೇಲೆ ಕಾಲು ಚಾಚಿ ಮಲಗಿದ್ದ. ಕಣಕಾಲಿನ ಹುಣ್ಣಿನಿಂದ ಇಣುಕಿದ ಬಿಳಿಯ ಎಳೆಯೊಂದನ್ನು ಬೆಂಕಿಕಡ್ಡಿಗೆ ಸುತ್ತಿದ್ದರು. ದಿನಕ್ಕೆ ಬೆರಳಗಲದಷ್ಟು ಮಾತ್ರ ಸುತ್ತಬೇಕು. ಎಳೆ ಹರಿದರೆ ಕಾಲು ಬಾತು ಕೀವಾಗುತ್ತದೆ. ಆ ಹುಡುಗನಿಗೆ ಆ ವರ್ಷ ಹೋಯಿತು.

ನಾರುಹುಣ್ಣಿನ ಹುಳು ಎರಡು ಮೂರು ಅಡಿ ಉದ್ದವಿರುತ್ತದೆ. ಅದರ ಮರಿಗಳು ನೀರಿನಲ್ಲಿ ಸೈಕ್ಲಾಪ್ಸ್ ಎಂಬ ಅತಿಸಣ್ಣ ಜೀವಿಯ ಹೊಟ್ಟೆ ಸೇರುತ್ತವೆ. ಆ ನೀರು ಕುಡಿದವನ ಮೈಯೊಳಗೆ ಬೆಳೆದು, ಸುಮಾರು ಒಂದು ವರ್ಷದ ಮೇಲೆ ಹುಳು ಚರ್ಮ ಒಡೆದು ಹೊರಬರುತ್ತದೆ. ಉರಿ ತಾಳದೆ ಅವನು ಮೆಟ್ಟಿಲುಬಾವಿಯಲ್ಲಿ ಕಾಲಿಟ್ಟರೆ ಮರಿಗಳು ಮತ್ತೆ ನೀರು ಸೇರುತ್ತವೆ. ಬಾಯಾರಿದ ಊರು ತನ್ನ ರೋಗವನ್ನು ತಾನೇ ಕುಡಿಯುತ್ತಿತ್ತು.

1984ರಲ್ಲಿ ದೇಶದಲ್ಲಿ ಸುಮಾರು 40 ಸಾವಿರ ಮಂದಿಗೆ ಈ ಹುಣ್ಣಿತ್ತು. ಕರ್ನಾಟಕವೂ ಆ ರಾಜ್ಯಗಳ ಸಾಲಿನಲ್ಲಿತ್ತು. ಇದಕ್ಕೆ ಲಸಿಕೆಯಿಲ್ಲ, ಗುಣಪಡಿಸುವ ಔಷಧವಿಲ್ಲ. ನೀರನ್ನು ಬಟ್ಟೆಯಲ್ಲಿ ಸೋಸಿದರು. ಹುಣ್ಣಾದವರು ನೀರಿಗಿಳಿಯದಂತೆ ನೋಡಿಕೊಂಡರು. ಮೆಟ್ಟಿಲುಬಾವಿಯ ಬದಲು ಸೇದುವ ಬಾವಿ, ಕೊಳವೆಬಾವಿಗಳನ್ನು ಮಾಡಿದರು. ಬಾವಿಗಳಿಗೆ ಸೈಕ್ಲಾಪ್ಸ್ ಕೊಲ್ಲುವ ಮದ್ದು ಹಾಕಿದರು. ಕೊನೆಯ ರೋಗಿ ಕಂಡದ್ದು 1996ರಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ಭಾರತ ಈ ಹುಳುವಿನಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು.

ಹಳೆಯ ಮಾತೊಂದು ಬಳಕೆ ತಪ್ಪಿದರೆ ಮರುಗುವ ಜಾತಿ ನನ್ನದು. ಬೀಸುವ ಕಲ್ಲಿನೊಡನೆ, ಏತದೊಡನೆ ಹೋದ ಎಷ್ಟೋ ಪದಗಳಿಗಾಗಿ ತರಗತಿಯಲ್ಲಿ ನಿಟ್ಟುಸಿರಿಟ್ಟಿದ್ದೇನೆ. ಆದರೆ 'ನಾರು ಎದ್ದೈತ್ರಿ' ಎಂಬ ಮಾತು ಇಂದಿನ ಹುಡುಗರಿಗೆ ಅರ್ಥವಾಗದೆಂದರೆ ನನಗೆ ಸಂತೋಷವೇ. ಅದು ನಿಘಂಟಿನಲ್ಲಿ ನೆಮ್ಮದಿಯಾಗಿರಲಿ. ಕೊಕ್ಕೆಹುಳುವಿಗೆ ಇನ್ನೂ ಆ ಭಾಗ್ಯ ಬಂದಿಲ್ಲ. ಅದಕ್ಕಾಗಿಯೇ 2015ರಲ್ಲಿ ಆರಂಭವಾದ ಜಂತುಹುಳು ನಿವಾರಣಾ ದಿನದಂದು ಮಕ್ಕಳಿಗೆ ಮಾತ್ರೆ ಕೊಡುತ್ತಾರೆ. ಬರಿಗಾಲಿನಲ್ಲಿ ತಿರುಗುವ ಮಗುವಿಗೆ ಚಪ್ಪಲಿ, ಮನೆಗೊಂದು ಶೌಚಾಲಯ, ಇವು ದೊರೆತಂತೆ ಆ ಮಾತೂ ಹಳತಾದೀತು.

ಮೊಮ್ಮಗಳು ಅಂದು ಎರೆಹುಳುವನ್ನು ಎಲೆಯ ಮೇಲೆತ್ತಿ ತುಳಸಿಯ ಬುಡಕ್ಕೆ ಬಿಟ್ಟಳು. ನಾರೆಂದರೆ ಅವಳಿಗೆ ಹೂ ಕಟ್ಟುವ ನಾರು, ಅಷ್ಟೆ. ಅಷ್ಟೇ ಆಗಿರಲಿ.