ಅಂಗನವಾಡಿಯ ಶಿಕ್ಷಕಿ

ತಾಯಿಯ ಮಡಿಲಿನಿಂದ ಇಳಿದ ಮಗುವಿಗೆ ಮೊದಲ ಗುರುವೆಂದರೆ ಅಂಗನವಾಡಿಯ ಶಿಕ್ಷಕಿ. 1975ರ ಅಕ್ಟೋಬರ್ 2ರಂದು ಆರಂಭವಾದ ಶಿಶು ಅಭಿವೃದ್ಧಿ ಯೋಜನೆಯು ಆಕೆಗೆ ಆಟಪಾಠಗಳನ್ನಷ್ಟೇ ಅಲ್ಲ, ಪೌಷ್ಟಿಕ ಆಹಾರ, ಚುಚ್ಚುಮದ್ದುಗಳ ಹೊಣೆಯನ್ನೂ ಹೊರಿಸಿದೆ. ಇದಕ್ಕೆ ಓದು, ತರಬೇತಿಗಳು ಬೇಕೇ ಬೇಕು. ಆದರೆ ನಮ್ಮ ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಮತ್ತೊಂದು ಅರ್ಹತೆಯೂ ಅವಶ್ಯ. ಇಲ್ಲಿಯ ಮನೆಗಳಲ್ಲಿ ಕನ್ನಡವುಂಟು, ಉರ್ದುವುಂಟು, ತೆಲುಗು, ಲಂಬಾಣಿಗಳೂ ಉಂಟು. “ನೀರ ಕುಡೀತಿನ್ರಿ” ಎಂದ ಕೂಸನ್ನು ‘ಶುದ್ಧವಾಗಿ ಮಾತಾಡು’ ಎಂದು ಗದರಿಸಿದರೆ, ನಾಳೆ ಅದು ನೀರನ್ನೂ ಕೇಳದು. ವ್ಯಾಕರಣ ಕಲಿಸುವವನಾದ ನಾನೇ ಹೇಳುತ್ತೇನೆ: ಆ ವಯಸ್ಸಿಗೆ ವ್ಯಾಕರಣ ಬೇಡ. ಮನೆಮಾತನ್ನು ಮೊದಲು ಆಲಿಸಿ, ಅನಂತರ ಹಾಡು, ಕಥೆಗಳಿಂದ ಹೊಸ ಮಾತನ್ನು ಕೂಡಿಸಬೇಕು. ತಾಯಂದಿರೇ, ಮೂರು ವರ್ಷದ ಮಗುವಿನಿಂದ ಪಾಟಿ ತುಂಬ ಅಕ್ಷರ ಬರೆಸಿರೆಂದು ನೀವೂ ಆಕೆಯನ್ನು ಒತ್ತಾಯಿಸದಿರಿ. ಮಗು ಮರುದಿನವೂ ನಗುತ್ತ ಹೊರಟರೆ ಆಕೆಯ ವಿದ್ಯೆ ಸಾರ್ಥಕವಾಯಿತೆಂದು ತಿಳಿಯಿರಿ.